ಕರೆಂಟು ಕಟ್ಟೆ: ಕಾರ್ ಶೆಡ್ಡಿಗೆ ಹೀಟರ್ ಹಾಕೋರು ಮೊದ್ಲು ಪ್ಲಗ್ ಮುಟ್ಟಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಒಣಗ್ತಾ ಇಲ್ಲ ಅಂತ. ಬಟ್ಟೆ ಒಣಗಲ್ಲ, ಜಾಯಿಪತ್ರೆ ಒಣಗಲ್ಲ, ಬೈಕಿನ ಸೀಟು ಒಣಗಲ್ಲ, ಶೆಡ್ಡಲ್ಲಿ ಒಂದು ಹೀಟರ್ ಇಡ್ಬಹುದಾ ಅಂತ. ಘಟ್ಟದ ಮೇಲಿಂದ ಎರಡು, ಕೆಳಗಿಂದ ಎರಡು ಅಂತ ನಾಕು ಪತ್ರ ಆರಿಸಿದೀನಿ, ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕು, ಅಡಿಕೆ ತೋಟದ ಮಧ್ಯೆ ಹತ್ತು ಹದಿನೈದು ಜಾಯಿಕಾಯಿ ಮರ ಇದೆ. ಕಾಯಿ ಒಡೆಯೋದು ಸರಿಯಾಗಿ ಆಷಾಢದ ಜಡಿಮಳೇಲಿ. ಪತ್ರೆನ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಹಾಕಿದ್ರೆ ಹೊಗೆ ಕೂತು ಕಪ್ಪಾಗುತ್ತೆ, ಒಳಗೆ ಹರವಿದ್ರೆ ಬೂಸ್ಟು. ನನ್ನ ಮಗ ಅಮೆರಿಕದಲ್ಲಿದಾನೆ, ಅವನ ಮನೆ ಗ್ಯಾರೇಜಲ್ಲಿ ದೊಡ್ಡ ಕರೆಂಟ್ ಹೀಟರ್ ಅವನೇ ಕೂಡ್ಸಿದಾನೆ, ವಿಡಿಯೋ ಕಾಲಲ್ಲಿ ವೈರಿಂಗ್ ಎಲ್ಲಾ ತೋರಿಸ್ದ. ಕರಿ ವೈರ್ ಕೆಂಪು ವೈರ್ ಎರಡೂ ಹೀಟರಿಗೆ, 10 ಗೇಜ್ ವೈರು, 30ರ ಬ್ರೇಕರು, ಪ್ಲಗ್ ಇಲ್ಲ. ನಮ್ಮ ಕಾರ್ ಶೆಡ್ ಮನೆಯಿಂದ ನೂರಡಿ ದೂರ, ಅಲ್ಲಿ ಈಗ ಒಂದು ಬಲ್ಬು, ಒಂದು ಸಣ್ಣ ಪ್ಲಗ್ ಇದೆ. ಮಗ ಹೇಳಿದ ಹಾಗೇ 3000 ವಾಟಿನ ಹೀಟರ್ ಹಾಕ್ಸಿದ್ರೆ ಆಗ್ತದಾ? ಪಕ್ಕದಲ್ಲೇ ಪಂಪ್‌ಸೆಟ್ ಮೀಟರ್ ಇದೆ, ಅಲ್ಲಿಂದ ತಗೊಂಡ್ರೆ ವೈರ್ ಉಳಿತದೆ.
ಒಬ್ಬ ತೋಟಿಗ

ಉತ್ತರ: ತೋಟಿಗರೇ, ನಿಮ್ಮ ಮಗ ಅವನ ಊರಿಗೆ ಮಾಡಿದ್ದು ಸರಿಯಾಗೇ ಇದೆ. ಆದ್ರೆ ಆ ವಿಡಿಯೋ ನೋಡ್ಕೊಂಡು ನಮ್ಮ ಬೋರ್ಡಿಗೆ ಕೈ ಹಾಕಿದ್ರೆ ಕತೆ ಬೇರೆ ಆಗುತ್ತೆ. ಅಲ್ಲಿ ಮನೆಗೆ ಬರೋದು 120 ವೋಲ್ಟಿನ, ಕರೆಂಟಿರೋ ಎರಡು ವೈರು, ಅಲ್ಲಿನವರು ಅದಕ್ಕೆ ಕಾಲು ಅಂತಾರೆ, ಟೀವಿ ಮಿಕ್ಸಿಗೆಲ್ಲ ಒಂದೊಂದೇ ಕಾಲು ಸಾಕು, ಹೀಟರಿನಂಥ ದೊಡ್ಡದಕ್ಕೆ ಎರಡೂ ಕಾಲು ಸೇರಿಸಿ 240 ಮಾಡ್ಕೊಳ್ತಾರೆ. ಹಾಗಾಗಿ ಅವನ ಕರಿ ವೈರಲ್ಲೂ ಕರೆಂಟಿದೆ, ಕೆಂಪಲ್ಲೂ ಇದೆ. ನಮ್ಮಲ್ಲಿ ಹಳೇ ಪದ್ಧತಿ ಪ್ರಕಾರ ಕೆಂಪು ಫೇಸು (ಕರೆಂಟು ಬರೋದು), ಕರಿ ನ್ಯೂಟ್ರಲ್ (ವಾಪಸ್ ಹೋಗೋದು), ಹಸಿರು ಅರ್ಥ್, ಒಂದೇ ಫೇಸಲ್ಲಿ 230 ಬಂದುಬಿಡುತ್ತೆ. ಕರಿ ವೈರ್ ಅಂದ್ರೆ ನಮ್ಮ ವೈರ್‌ಮ್ಯಾನ್ ಧೈರ್ಯವಾಗಿ ಹಿಡೀತಾನೆ, ಅಮೆರಿಕದವ ಹಿಡಿಯಲ್ಲ, ಅಷ್ಟು ವ್ಯತ್ಯಾಸ. ಇನ್ನು ಹೊಸ ಹೀಟರಿನ ಜೊತೆ ಬರೋ ಕಾರ್ಡಲ್ಲಿ ಕಂದು ಫೇಸು, ತಿಳಿನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದ್ದು ಅರ್ಥ್, ಅದನ್ನೂ ಗೋಡೆಲಿ ಗೀಚಿಟ್ಕೊಳ್ಳಿ.

ಅವನ 30ರ ಲೆಕ್ಕ ಎಲ್ಲಿಂದ ಬಂತು ಅಂದ್ರೆ, ಅಲ್ಲಿ ಗ್ಯಾರೇಜ್ ಹೀಟರ್ ಸಾಮಾನ್ಯ 5000 ವಾಟಿಂದು. 240ರಿಂದ ಭಾಗಿಸಿದ್ರೆ 20.8 ಆಂಪಿಯರ್. ಗಂಟೆಗಟ್ಟಲೆ ಉರಿಯೋ ಸಾಮಾನಿಗೆ ಕಾಲು ಪಾಲು ಹೆಚ್ಚು ಇಟ್ಕೋಬೇಕು ಅಂತ ಅವರ ನಿಯಮ, ಅಲ್ಲಿಗೆ 26, ಅದರ ಮೇಲೆ ಸಿಗೋ ಬ್ರೇಕರು 30. 10 ಗೇಜ್ ಅಂದ್ರೆ ನಮ್ಮ ಲೆಕ್ಕದಲ್ಲಿ ಐದೂಕಾಲು ಚದರ ಎಂಎಂ (ಅಂಗಡೀಲಿ ಬರೀ ಎಂಎಂ ಅಂತಾರೆ) ಹತ್ರ ಬರುತ್ತೆ, ಗೇಜ್ ನಂಬರ್ ಕಡಿಮೆ ಆದಷ್ಟೂ ವೈರ್ ದಪ್ಪ, ಇದು ಗೊತ್ತಿಲ್ದೆ 10 ಅಂದ್ಕೂಡ್ಲೇ 10 ಎಂಎಂ ತಂದವರಿದಾರೆ. ಅವನ ನಂಬರ್ ಯಾವ್ದೂ ನಿಮಗೆ ಬೇಡ, ಆದ್ರೆ ಆ ಕಾಲು ಪಾಲಿನ ಬುದ್ಧಿ ಮಾತ್ರ ಖಂಡಿತ ತಗೊಳ್ಳಿ. ನಮ್ಮ ಕಡೆ ಸೋಲೋದು ಅಲ್ಲೇ. ಮಿಕ್ಸಿ ಎರಡು ನಿಮಿಷ ಓಡುತ್ತೆ, ಇಸ್ತ್ರಿಪೆಟ್ಟಿಗೆ ಕಾದು ಆಫಾಗುತ್ತೆ, ಹೀಟರ್ ಹಂಗಲ್ಲ ಮಾರಾಯ್ರೆ, ಬೆಳಗ್ಗೆ ಹಚ್ಚಿದ್ದು ಸಂಜೆವರೆಗೆ ಒಂದೇ ಸಮ ಎಳೀತಾ ಇರುತ್ತೆ, ಎಲ್ಲಿ ಒಂದು ಸ್ಕ್ರೂ ಸಡಿಲ ಇದೆಯೋ ಅಲ್ಲಿ ಬೆಂಕಿ ಕಾಯಿಸ್ತಾ ಕೂರುತ್ತೆ.

ನಮ್ಮ ಮನೇಲೇ ಆದದ್ದು ಹೇಳ್ತೀನಿ. ಒಂದು ಮಳೆಗಾಲ 2000 ವಾಟಿನ ಫ್ಯಾನ್ ಹೀಟರನ್ನ ಹಳೇ ಪವರ್ ಪ್ಲಗ್ಗಿಗೆ ಸಿಗ್ಸಿ ಕೊಟ್ಟಿಗೆ ಪಕ್ಕದ ರೂಮಲ್ಲಿ ಬಟ್ಟೆ ಒಣಗ್ಸೋಕೆ ಇಟ್ಟಿದ್ವಿ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಎಲೆ ಮುಂದೆ ಮೂಗು ಅರಳಿಸಿ, ಯಾರೋ ಮೀನು ಸುಡ್ತಾ ಇದಾರಲ್ಲೋ ಅಂದ್ರು. ಮೀನಿನ ಹೆಸರೇ ಎತ್ತದ ಮನೆ ನಮ್ದು, ಸುತ್ತ ಎರಡು ಫರ್ಲಾಂಗ್ ಬೇರೆ ಮನೇನೂ ಇಲ್ಲ. ಎದ್ದು ಹೋಗಿ ನೋಡಿದ್ರೆ ಪ್ಲಗ್ಗಿನ ನ್ಯೂಟ್ರಲ್ ತೂತಿನ ಸುತ್ತ ಕಂದು ಬಣ್ಣದ ಬಳೆ, ಪಿನ್ನು ಕೀಳೋಕೆ ಬರ್ತಿಲ್ಲ, ಪ್ಲಾಸ್ಟಿಕ್ಕು ಹಲ್ವಾ ಥರ ಮೆತ್ತಗಾಗಿದೆ. ಸ್ವಿಚ್ಚು ಪ್ಲಗ್ಗು ಕಾದಾಗ ಹೊರಡೋ ವಾಸನೆ ಹೆಚ್ಚುಕಮ್ಮಿ ಸುಟ್ಟ ಮೀನಿಂದೇ, ಶಿರಸಿ ಕಡೆ ಮನೆಗಳಿಗೆ ಇದಕ್ಕಿಂತ ಒಳ್ಳೇ ಅಲಾರಂ ಇಲ್ಲ. ಕಾರವಾರ ಅಂಕೋಲದವರು ಮಾತ್ರ ಅಡಿಗೆಮನೆ ಕಡೆ ಒಂದ್ಸಲ ನೋಡಿ ಖಾತ್ರಿ ಮಾಡ್ಕೋಬೇಕು. ಅವತ್ತು ಎಂಸಿಬಿ (ಕರೆಂಟು ಜಾಸ್ತಿ ಹೋದ್ರೆ ತಾನೇ ಆಫಾಗೋ ಬ್ರೇಕರು) ಬಿದ್ದೇ ಇರಲಿಲ್ಲ, ಯಾಕಂದ್ರೆ ಕರೆಂಟು ಜಾಸ್ತಿ ಹೋಗಿರಲೇ ಇಲ್ಲ, 8.7 ಆಂಪಿಯರೇ ಹೋಗ್ತಾ ಇತ್ತು, ಸಡಿಲ ಪಿನ್ನಲ್ಲಿ ಅಷ್ಟೇ ಸಾಕಾಯ್ತು.

ಈಗ ನಿಮ್ಮ ಶೆಡ್ಡಿಗೆ ಬರೋಣ. 3000 ವಾಟ್ ಅಂದ್ರೆ 13 ಆಂಪಿಯರ್. ಬಲ್ಬಿಗೆ ಎಳೆದಿರೋ ವೈರ್ ಬಹುಶಃ ಒಂದು ಎಂಎಂ ಇರುತ್ತೆ, ನೂರಡಿ ಹೋಗಿ ನೂರಡಿ ವಾಪಸ್ ಬರೋದ್ರಲ್ಲಿ 14 ವೋಲ್ಟ್ ದಾರಿಲೇ ಕಳೆದುಹೋಗುತ್ತೆ, ಸುಮಾರು 180 ವಾಟ್ ಬರೀ ವೈರನ್ನ ಬಿಸಿ ಮಾಡೋಕೆ ಖರ್ಚು. ಆ ಲೈನನ್ನ ಮರೆತುಬಿಡಿ, ಬಲ್ಬಿಗೇ ಇರ್ಲಿ. ಹೀಟರಿಗೆ ಮನೆಯ ಮೇನ್ ಬೋರ್ಡಿಂದ ಬೇರೆಯೇ ಲೈನ್, ತಾಮ್ರದ್ದು, ನಾಕು ಎಂಎಂ. ಎರಡೂವರೆ ಎಂಎಂ ಸಾಕಲ್ವಾ ಅಂತ ಅಂಗಡಿಯವ ಹೇಳ್ಬಹುದು, ಹೊರುತ್ತೆ ನಿಜ, ಆದ್ರೆ ನಾಕಕ್ಕೆ ದಾರಿಖರ್ಚು ಮೂರೂವರೆ ವೋಲ್ಟ್ ಆದ್ರೆ ಎರಡೂವರೆಗೆ ಆರರ ಹತ್ರ, ಮೊದಲೇ ನಮ್ಮ ವೋಲ್ಟೇಜ್ ಗತಿ ಗೊತ್ತಲ್ಲ. ಹೊರಡೋ ಕಡೆ 20ರ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದ್ರೆ ತಾನೇ ಬೀಳೋದು, ಅಂಗಡೀಲಿ ಆರ್‌ಸಿಸಿಬಿ ಅಂತಾನೂ ಕೊಡ್ತಾರೆ), ಶೆಡ್ಡಲ್ಲಿ ಗೀಸರಿಗೆ ಹಾಕ್ತಾರಲ್ಲ ಆ ಥರ ಫೇಸು ನ್ಯೂಟ್ರಲ್ ಎರಡನ್ನೂ ಕಡಿಯೋ 20ರ ಡಿಪಿ ಸ್ವಿಚ್ಚು. 3000ದ್ದೇ ಹಾಕೋದಾದ್ರೆ ನಿಮ್ಮ ಮಗ ಹೇಳಿದ್ದು ಇಲ್ಲಿ ಸರಿ, ಪ್ಲಗ್ ಬೇಡ, ನೇರ ಸ್ವಿಚ್ಚಿಗೆ ಕಟ್ಟಿಸಿ. ಎಕ್ಸ್‌ಟೆನ್ಷನ್ ಬಾಕ್ಸಂತೂ ಶೆಡ್ಡಿನ ಹತ್ರ ಸುಳಿಯಲೇಬಾರದು.

ಲೈನನ್ನ ಅಡಿಕೆ ಮರದಿಂದ ಮರಕ್ಕೆ ಕಟ್ಕೊಂಡು ಹೋಗ್ಬೇಡಿ. ಸೋಗೆ ಬಿದ್ದು ವೈರ್ ಹರಿದು ಒದ್ದೆ ಅಂಗಳದಲ್ಲಿ ಮಲಗಿರುತ್ತೆ, ಬೆಳಗ್ಗೆ ಮೊದಲು ಅಲ್ಲಿ ಕಾಲಿಡೋದು ದನ ಅಥವಾ ನೀವು. ಆರ್ಮರ್ಡ್ ಕೇಬಲ್ (ಮೇಲೆ ಕಬ್ಬಿಣದ ಕವಚ ಇರೋದು) ತಂದು ಎರಡೂವರೆ ಅಡಿ ಆಳದಲ್ಲಿ ಹುಗಿದು ಮೇಲೆ ಇಟ್ಟಿಗೆಯೋ ಒಡೆದ ಹಂಚೋ ಸಾಲಾಗಿ ಹಾಸಿ ಮಣ್ಣು ಮುಚ್ಚಿ, ಮುಂದೆ ಯಾರಾದ್ರೂ ಬಾಳೆ ನೆಡೋಕೆ ಗುದ್ದಲಿ ಹಾಕಿದ್ರೆ ಮೊದ್ಲು ಹಂಚು ಟಣ್ ಅನ್ನುತ್ತೆ.

ಪಂಪ್‌ಸೆಟ್ ಮೀಟರಿನ ಆಸೆ ಬಿಡಿ. 10 ಎಚ್‌ಪಿವರೆಗೆ ಪುಕ್ಕಟೆ ಕೊಟ್ಟಿರೋದು ನೀರೆತ್ತೋಕೆ, ಅದರಲ್ಲಿ ಹೀಟರ್ ಉರಿಸಿದ್ರೆ 2003ರ ವಿದ್ಯುತ್ ಕಾಯ್ದೇಲಿ ಅನಧಿಕೃತ ಬಳಕೆ ಅಂತ ದಂಡ ಬೀಳುತ್ತೆ. ಅದೂ ಅಲ್ದೆ ಆ ಲೈನಿಗೆ ಕರೆಂಟ್ ಬರೋದು ಕರೆಂಟ್ ಕಂಪನಿಯವರು ಬಿಟ್ಟಾಗ, ಪತ್ರೆ ಅರ್ಧ ಒಣಗಿದಾಗ ಹೋದ್ರೆ ಪೂರ್ತಿ ಬೂಸ್ಟೇ. ಮನೆ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ಬರೆದಿರುತ್ತೆ, ಒಂದೋ ಎರಡೋ ಇದ್ರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಏರಿಸ್ಕೊಳ್ಳಿ. ಗೃಹಜ್ಯೋತಿ ಲೆಕ್ಕಾನೂ ಹಾಕಿ: 2000 ವಾಟಿಂದು ದಿನಕ್ಕೆ ಹತ್ತು ತಾಸು ಉರಿದ್ರೆ 20 ಯೂನಿಟ್, ಹತ್ತೇ ದಿನಕ್ಕೆ 200. ತಿಂಗಳಿಗೆ 200 ದಾಟಿದ್ರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಅದಕ್ಕೇ ನಾನು ಹೇಳೋದು, ಇಷ್ಟೆಲ್ಲ ವೈರಿಂಗ್ ಮಾಡ್ಸಿ, ಆದ್ರೆ ಶೆಡ್ ಬಿಸಿ ಮಾಡೋಕೆ ಹೋಗ್ಬೇಡಿ. ನಿಮ್ಮ ಮಗನ ಗ್ಯಾರೇಜಿಗೆ ಗೋಡೆಲಿ ಬಿಸಿ ಹೊರಗೆ ಹೋಗದ ಹಾಗೆ ಹತ್ತಿಯಂಥದ್ದು ತುಂಬಿರ್ತಾರೆ, ಬಾಗಿಲು ಬಿಗಿ ಮುಚ್ಚುತ್ತೆ, ಅವನಿಗೆ ಬೇಕಾದ್ದು ಕೈ ಮರಗಟ್ಟದ ಹಾಗೆ ಬೆಚ್ಚಗಿರೋದು. ನಿಮ್ಮದು ಹಂಚಿನ ಮಾಡು, ಸಂದಿಲೆಲ್ಲ ಗಾಳಿ, 3000 ಅಲ್ಲ 5000 ಹಾಕಿದ್ರೂ ಬಿಸಿ ಎಲ್ಲ ಮಾಡು ದಾಟಿ ಹೋಗಿ ಮೇಲಿರೋ ಕಪ್ಪೆಗೆ ಬೆಚ್ಚಗಾಗುತ್ತೆ. ಸಂದಿ ಮುಚ್ಚಿದ್ರೆ ಇನ್ನೊಂದು ಫಜೀತಿ, ಪತ್ರೆಯಿಂದ ಎದ್ದ ತೇವ ಹೊರಗೆ ಹೋಗದೆ ತಗಡಿನ ಬಾಗಿಲಿಗೆ ತಾಗಿ ಹನಿಯಾಗಿ ಕೆಳಗಿಳಿಯುತ್ತೆ. ಬಿಸಿಯಷ್ಟೇ ಮುಖ್ಯ ಒದ್ದೆ ಗಾಳಿ ಹೊರಗೆ ಹೋಗೋದು.

ಹಳೇ ಕಬ್ಬಿಣದ ಕಪಾಟು ಒಂದು ಇರುತ್ತಲ್ಲ ಎಲ್ಲರ ಮನೇಲೂ, ಬಾಗಿಲು ಸರಿ ಹಾಕೋಕೆ ಬರದ್ದು, ಅದನ್ನ ಶೆಡ್ಡಿಗೆ ತನ್ನಿ. ಅಡ್ಡ ಹಲಗೆ ತೆಗೆದು ಜಾಲರಿ ತಟ್ಟೆ ಕೂಡ್ಸಿ, ಕೆಳಗೆ ಒಂದು ಬದಿಗೆ ಗಾಳಿ ಒಳಗೆ ಬರೋಕೆ ಕಿಂಡಿ, ಮೇಲೆ ಇನ್ನೊಂದು ಬದಿಗೆ ಹೊರಗೆ ಹೋಗೋಕೆ ಕಿಂಡಿ. 1000 ವಾಟಿಗೆ ಇಳಿಸೋಕೆ ಬರೋ ಫ್ಯಾನ್ ಹೀಟರನ್ನ ಕಪಾಟಿನ ಹೊರಗೆ, ಕೆಳಗಿನ ಕಿಂಡಿಗೆ ಒಂದು ಗೇಣು ದೂರದಲ್ಲಿ ಇಟ್ಟು ಒಳಗೆ ಊದಿಸಿ. ಹೀಟರನ್ನೇ ಒಳಗಿಟ್ರೆ ಬಿಸಿ ಗಾಳೀನೇ ಮತ್ತೆ ಎಳ್ಕೊಂಡು ಅದರ ಕಟೌಟ್ (ಬಿಸಿ ಜಾಸ್ತಿ ಆದ್ರೆ ಹೀಟರ್ ಆಫ್ ಮಾಡೋ ಸ್ವಿಚ್ಚು) ಬೀಳ್ತಾನೇ ಇರುತ್ತೆ, ಪತ್ರೆ ಚೂರು ಉದುರಿ ಕಾಯಿಲಿಗೆ ತಾಗಿದ್ರೆ ಹೊತ್ಕೊಳ್ಳೋದೂ ಉಂಟು. ಒಳಗೆ ಒಂದು ಥರ್ಮಾಮೀಟರ್ ನೇತು ಹಾಕಿ, ಸಾಧ್ಯ ಆದ್ರೆ ಥರ್ಮೋಸ್ಟಾಟೂ ಹಾಕಿಸಿ 45 ಡಿಗ್ರಿಗೆ ನಿಲ್ಲಿಸಿ, ಅದಕ್ಕಿಂತ ಮೇಲೆ ಹೋದ್ರೆ ಜಾಯಿಕಾಯಿ ಒಳಗಿನ ಕೊಬ್ಬು ಕರಗೋಕೆ ಶುರು, ತೂಕಾನೂ ಹೋಯ್ತು ಪರಿಮಳಾನೂ ಹೋಯ್ತು. ಕಪಾಟು ಕಬ್ಬಿಣ ಆದ್ದರಿಂದ ಅದಕ್ಕೂ ಒಂದು ಹಸಿರು ವೈರ್ ಸ್ಕ್ರೂ ಹಾಕಿ ಅರ್ಥ್ ಕೊಡಿಸಲೇಬೇಕು, ಇದನ್ನ ಮರೆಯೋರೇ ಜಾಸ್ತಿ. 1000 ವಾಟಿಗೆ ನಾಕೂಕಾಲು ಆಂಪಿಯರ್, ದಿನಕ್ಕೆ 10 ಯೂನಿಟ್. ಇಷ್ಟು ಸಣ್ಣದಕ್ಕೆ 16ರ ಪವರ್ ಪ್ಲಗ್ ಹೊಸದು ಹಾಕ್ಸಿದ್ರೆ ಸಾಕು, ಮೊದಲ ದಿನ ಅರ್ಧ ತಾಸು ಬಿಟ್ಟು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ, ಉಗುರುಬೆಚ್ಚಗಿದ್ರೆ ಸರಿ, ಕೈ ಎಳ್ಕೊಳ್ಳೋ ಹಾಗಿದ್ರೆ ಸ್ಕ್ರೂ ಬಿಗಿಯಿಲ್ಲ ಅಂತ ಅರ್ಥ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಶೆಡ್ಡಲ್ಲಿ ಕಾರಿರುತ್ತೆ, ಕಳೆ ಕೊಚ್ಚೋ ಮಷಿನ್ನಿನ ಪೆಟ್ರೋಲ್ ಕ್ಯಾನ್ ಮೂಲೇಲಿ ಇರುತ್ತೆ, ಇಲ್ಲ ಅಂತ ಹೇಳ್ಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹಾವಿನ ಥರ ಹರಿಯುತ್ತೆ. ಅಮೆರಿಕದ ಗ್ಯಾರೇಜುಗಳಲ್ಲಿ ಕಿಡಿ ಬರೋ ಸಾಮಾನು ನೆಲದಿಂದ 18 ಇಂಚು ಮೇಲಿರಬೇಕು ಅನ್ನೋದು ಇದಕ್ಕೇ. ನೀವೂ ಕಪಾಟು ಹೀಟರು ಎರಡನ್ನೂ ಒಂದೂವರೆ ಎರಡಡಿ ಎತ್ತರದ ಕಲ್ಲು ಕಟ್ಟೆ ಮೇಲೆ ಇಡಿ, ಕ್ಯಾನನ್ನ ಶೆಡ್ಡಿಂದಲೇ ಹೊರಗೆ ಹಾಕಿ, ಹೀಟರ್ ಓಡೋ ದಿನಗಳಲ್ಲಿ ಕಾರು ಅಂಗಳದಲ್ಲಿ ನೆನೆದ್ರೂ ಪರವಾಗಿಲ್ಲ. ರಾತ್ರಿ ಮಲಗೋವಾಗ ಆಫ್. ಕೆಲಸ ಪರವಾನಗಿ ಇರೋ ಕಂಟ್ರಾಕ್ಟರ್ ಕೈಲೇ ಮಾಡ್ಸಿ, ಮಗನ ವಿಡಿಯೋ ಅವನಿಗೆ ತೋರಿಸ್ಬೇಡಿ.

ಅಂದ್ಹಾಗೆ ಮಗ ಬರ್ತಾ ಅಲ್ಲಿಂದ ಸಣ್ಣ ಪ್ಲಗ್ ಹೀಟರ್ ತರ್ತೀನಿ ಅಂದ್ರೆ ಬೇಡ ಅನ್ನಿ. 120 ವೋಲ್ಟಿನ 1500 ವಾಟ್ ಹೀಟರಿಗೆ ನಮ್ಮ 230 ಕೊಟ್ರೆ ಅದು 5500 ವಾಟ್ ಆಗೋಕೆ ನೋಡುತ್ತೆ, ಆಗೋದ್ರೊಳಗೆ ಹೊಗೆ ಆಗಿರುತ್ತೆ.

ಪ್ರಶ್ನೆ: ಗ್ಯಾರೇಜಲ್ಲಿ ಹೀಟರ್ ಹಾಕಿದಾಗಿಂದ 16ರ ಎಂಸಿಬಿ ಪದೇ ಪದೇ ಬೀಳ್ತಾ ಇದೆ. ಗುರ್ತದ ಹುಡುಗ ಒಬ್ಬ 32ರದ್ದು ಹಾಕಿಬಿಡಣ ಅಂತಾನೆ. ಹಾಕ್ಸ್ಲಾ? ಸಂಜೆ ವೋಲ್ಟೇಜ್ ಕಡಿಮೆ ಇದ್ದಾಗ ಹೀಟರ್ ಜಾಸ್ತಿ ಎಳೆಯೋದ್ರಿಂದ ಹೀಗಾಗುತ್ತಾ?
ಕುಮಟಾ

ಉತ್ತರ: 32 ಹಾಕಿದ ದಿನದಿಂದ ಬೀಳೋದು ನಿಲ್ಲುತ್ತೆ, ಗೋಡೆ ಒಳಗಿನ ವೈರ್ ಬೇಯೋದು ಶುರುವಾಗುತ್ತೆ. ಎಂಸಿಬಿ ಕಾಯೋದು ವೈರನ್ನ, ಆ ಹುಡುಗನಿಗೆ ಇದನ್ನ ಚಾ ಕೊಟ್ಟು ನಿಧಾನಕ್ಕೆ ಹೇಳಿ. ಅದೇ ಎಂಸಿಬಿ ಮೇಲೆ ಇನ್ನೇನೇನಿದೆ ನೋಡಿ, ಬಾವಿ ಪಂಪೋ ಇಸ್ತ್ರಿಪೆಟ್ಟಿಗೆಯೋ ಜೊತೆಗೆ ಸೇರ್ಕೊಂಡಿರುತ್ತೆ, ಹೀಟರಿಗೆ ಬೇರೆ ಲೈನ್ ಕೊಟ್ರೆ ಮುಗೀತು. ಹೀಟರ್ ಒಂದೇ ಇದ್ದೂ ಬೀಳ್ತಾ ಇದ್ರೆ ಎಂಸಿಬಿಯ ಸ್ಕ್ರೂ ಸಡಿಲ ಆಗಿ ಅಲ್ಲೇ ಕಾಯ್ತಾ ಇರ್ಬಹುದು, ಅಥವಾ ಎಂಸಿಬಿಗೇ ವಯಸ್ಸಾಗಿರ್ಬಹುದು.

ವೋಲ್ಟೇಜ್ ವಿಷಯ ಉಲ್ಟಾ. ಕಡಿಮೆ ವೋಲ್ಟೇಜಿಗೆ ಜಾಸ್ತಿ ಎಳೆದು ಸುಟ್ಕೊಳ್ಳೋದು ಪಂಪಿನ ಮೋಟಾರು, ಹೀಟರ್ ಬಡಪಾಯಿ, ಕೊಟ್ಟಷ್ಟು ತಗೊಳ್ಳುತ್ತೆ. 2000 ವಾಟಿಂದು 180 ವೋಲ್ಟಲ್ಲಿ 1225 ವಾಟಷ್ಟೇ ಬಿಸಿ ಕೊಡುತ್ತೆ. ಅದಕ್ಕೆ ಸ್ಟೆಬಿಲೈಸರ್ ತರೋದು ದುಡ್ಡು ದಂಡ. ಒಳಗಿನ ಫ್ಯಾನ್ ನಿಧಾನ ಆಗಿ ಹೀಟರಿನ ಸ್ವಂತ ಕಟೌಟ್ ಬೀಳ್ಬಹುದು, ಅದು ಬೇರೆ, ನಿಮ್ಮ ಬೋರ್ಡಿನ ಎಂಸಿಬಿ ಬೇರೆ.

ಪ್ರಶ್ನೆ: ಅಣ್ಣಾ, ನಮ್ಮನೆ ಕಾರವಾರದಲ್ಲಿ ಕಡಲಿಗೆ ಹತ್ರ. ಗ್ಯಾರೇಜಲ್ಲಿ ಕಳೆದ ಮಳೆಗಾಲಕ್ಕೆ ತಂದ ಹೀಟರ್ ಒಂದು ವರ್ಷ ಹಾಗೇ ಇತ್ತು, ಈಗ ಹಾಕಿದ ತಕ್ಷಣ ಇಎಲ್‌ಸಿಬಿ ಬೀಳುತ್ತೆ. ಇಎಲ್‌ಸಿಬಿ ತೆಗೆದು ನೇರ ಕೊಟ್ರೆ ಚೆನ್ನಾಗಿ ಓಡುತ್ತಂತೆ, ನಮ್ಮನೆಯವರು ಹಾಗೇ ಮಾಡಣ ಅಂತಾರೆ. ಸಾಕೆಟ್ ಪಿನ್ ಮೇಲೆಲ್ಲ ಹಸಿರು ಕಟ್ಟಿದೆ.

ಉತ್ತರ: ಅಕ್ಕಾ, ನಿಮ್ಮನೆಯವರ ಕೈಯಿಂದ ಮೊದ್ಲು ಸ್ಕ್ರೂಡ್ರೈವರ್ ಇಸ್ಕೊಳ್ಳಿ. ರಾಡ್ ಥರದ ಕಾಯಿಲ್ ಇರೋ ಹೀಟರಿನ ಕೊಳವೆ ಒಳಗೆ ತಂತಿ ಸುತ್ತ ಬಿಳೀ ಪುಡಿ ತುಂಬಿರ್ತಾರೆ, ಮೆಗ್ನೀಷಿಯಂ ಆಕ್ಸೈಡ್ ಅಂತ. ಅದು ಉಪ್ಪಿನ ಭರಣಿ ಥರ, ಸುಮ್ನೆ ಬಿಟ್ರೆ ಗಾಳಿ ತೇವ ಎಳ್ಕೊಳ್ಳುತ್ತೆ, ನಿಮ್ಮ ಕಡಲ ಗಾಳಿಲಿ ಕೇಳೋದೇ ಬೇಡ. ಆ ತೇವದಿಂದ ಸ್ವಲ್ಪ ಕರೆಂಟು ಹೊರಗಿನ ಕಬ್ಬಿಣಕ್ಕೆ ಸೋರುತ್ತೆ, 30 ಮಿಲಿ ಆಂಪಿಯರ್ ಮುಟ್ಟೋದ್ರೊಳಗೆ ಇಎಲ್‌ಸಿಬಿ ಬೀಳುತ್ತೆ. ಅದು ತನ್ನ ಕೆಲಸ ಮಾಡಿದೆ. ಹೀಟರನ್ನ ನಾಕೈದು ದಿನ ಬೆಚ್ಚಗಿನ ಒಣ ಜಾಗದಲ್ಲಿ, ಬಿಸಿಲು ಬಿದ್ರೆ ಬಿಸಿಲಲ್ಲಿ ಇಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತೆ. ಆಮೇಲೂ ಬಿದ್ರೆ ರಿಪೇರಿಯವ್ರ ಹತ್ರ ಮೆಗ್ಗರ್ (ಕರೆಂಟು ಸೋರುತ್ತಾ ಅಂತ ನೋಡೋ ಮೀಟರ್) ಹಾಕ್ಸಿ ನೋಡ್ಸಿ, ಕಾಯಿಲ್ ಹೋಗಿದ್ರೆ ಹೋಯ್ತು. ನೇರ ಕೊಟ್ರೆ ಓಡುತ್ತೆ ನಿಜ, ಅರ್ಥ್ ಸರಿ ಇಲ್ದಿದ್ರೆ ಒದ್ದೆ ಕಾಲಲ್ಲಿ ಅದನ್ನ ಸರಿಸೋಕೆ ಹೋದವರ ಮೈಮೇಲೂ ಓಡುತ್ತೆ.

ಹಸಿರು ಕಟ್ಟಿದ ಸಾಕೆಟ್ ಉಜ್ಜಿ ಇಟ್ಕೋಬೇಡಿ, ಬದಲಾಯ್ಸಿ. ಮುಚ್ಚಳ ಇರೋ, ರಬ್ಬರ್ ಪಟ್ಟಿ ಇರೋ ನೀರು ಹೋಗದ ಬಾಕ್ಸ್ ಸಿಗುತ್ತೆ, ಐಪಿ 65 ಅಂತ ಬರೆದಿರುತ್ತೆ, ಕಡಲ ಕಡೆ ಮುಖ ಇಲ್ಲದ ಗೋಡೆಗೆ ಅದನ್ನ ಹಾಕ್ಸಿ. ವೈರ್ ತುದಿಗೆ ತವರ ಲೇಪದ ಲಗ್ ಹಾಕ್ಸಿದ್ರೆ ತಾಮ್ರ ಹಸಿರಾಗೋದು ನಿಧಾನ ಆಗುತ್ತೆ. ಅರ್ಥ್ ಗುಂಡಿನೂ ಅಗೆಸಿ ನೋಡಿ, ಉಪ್ಪು ಇದ್ದಿಲು ಹಾಕಿ ಹುಗಿದ ಜಿಐ ಪೈಪು ನಿಮ್ಮ ಕಡೆ ಬೇಗ ತಿಂದುಹೋಗುತ್ತೆ, ಮೇಲೆ ಕಾಣೋ ತುಂಡು ಗಟ್ಟಿ ಇರುತ್ತೆ, ಒಳಗೆ ಪೈಪೇ ಇರಲ್ಲ. ಇಎಲ್‌ಸಿಬಿ ಮೇಲೆ ಟಿ ಅಂತ ಸಣ್ಣ ಬಟನ್ ಇದೆ ನೋಡಿ, ತಿಂಗಳಿಗೊಮ್ಮೆ ಒತ್ತಿ, ಪಟ್ ಅಂತ ಬೀಳಬೇಕು.

ಪ್ರಶ್ನೆ: ಕರೆಂಟ್ ಹೋದಾಗ ಗ್ಯಾರೇಜ್ ಹೀಟರನ್ನ ಮನೆ ಇನ್ವರ್ಟರಲ್ಲಿ ಓಡಿಸ್ಬಹುದಾ? 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದೆ.
ಯಲ್ಲಾಪುರ

ಉತ್ತರ: ಹೀಟರ್ ಹಚ್ಚಿದ ಕ್ಷಣವೇ ಕೀಂಯ್ ಅಂತ ಕೂಗಿ ಆಫಾಗುತ್ತೆ, 2000 ವಾಟ್ ಎತ್ತೋ ಶಕ್ತಿ ಅದಕ್ಕಿಲ್ಲ. ದೊಡ್ಡ ಇನ್ವರ್ಟರ್ ತಂದ್ರೂ 12 ವೋಲ್ಟಿನ ಆ ಬ್ಯಾಟರೀಲಿ ಇರೋದೇ ಕಾಗದದ ಮೇಲೆ 1800 ವಾಟ್ ತಾಸು, ಅಂದ್ರೆ ತಾಸೂ ತುಂಬಲ್ಲ, ಹಾಗೆ ದಿನಾ ಖಾಲಿ ಮಾಡಿದ್ರೆ ಬ್ಯಾಟರಿ ದೀಪಾವಳಿ ನೋಡಲ್ಲ. ಕರೆಂಟ್ ಹೋದಾಗ ಇನ್ವರ್ಟರಲ್ಲಿ ಒಂದು ಟೇಬಲ್ ಫ್ಯಾನ್ ಹಚ್ಚಿ ತಟ್ಟೆ ಕಡೆ ತಿರುಗ್ಸಿಡಿ, ಗಾಳಿ ಆಡಿದ್ರೆ ಬೂಸ್ಟು ಹಿಡಿಯೋದಾದ್ರೂ ತಡವಾಗುತ್ತೆ.